ವಾದ್ಯಶಿಲ್ಪಿ ಅಡಾಲ್ಫ್ ಸ್ಯಾಕ್ಸ್

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆ ನಡೆಯುವಾಗ ಉರುಮೆಯ ನಾದ ಬಯಲನ್ನೆಲ್ಲ ತುಂಬುತ್ತದೆ. ನಮ್ಮ ನಾಡಿನ ಎಷ್ಟೋ ಉತ್ಸವಗಳಲ್ಲಿ ಇಂತಹ ಚರ್ಮವಾದ್ಯಗಳ ಜೊತೆಗೆ ಕೊಂಬು ಕಹಳೆಗಳ ಧ್ವನಿಯೂ ಕೇಳಿಬರುವುದುಂಟು. ಕೊಂಬಿನ ಕೂಗು ಮೈ ನವಿರೇಳಿಸುವಂತಹುದು. ಆದರೆ ಅದನ್ನು ಊದುವವನು ಎಷ್ಟೇ ನಿಪುಣನಾಗಿರಲಿ, ಅದರಲ್ಲಿ ಒಂದು ದೇವರನಾಮವನ್ನು ನುಡಿಸಲಾರನು. ಕೊಳಲಿಗಿರುವಂತೆ ಕೊಂಬಿಗೆ ರಂಧ್ರಗಳಿಲ್ಲ. ಅದರ ನಳಿಕೆಯ ಉದ್ದ ಮಾಡಿದಾಗ ಎಷ್ಟಿತ್ತೋ ಎಂದೆಂದಿಗೂ ಅಷ್ಟೇ. ತುಟಿಯನ್ನು ಬಿಗಿಹಿಡಿದು ಸಡಿಲಿಸಿ ಕೆಲವೇ ಸ್ವರಗಳನ್ನು ಹೊರಡಿಸಬಹುದಲ್ಲದೆ, ಅವುಗಳ ನಡುವಣ ಸ್ವರಗಳು ದೊರೆಯುವುದಿಲ್ಲ. ಯೂರೋಪಿನ ಹಿತ್ತಾಳೆಯ ಕಹಳೆಗಳಿಗೂ ಬಹುಕಾಲ ಇದೇ ಕೊರತೆ ಇದ್ದಿತು. ಆದುದರಿಂದ ಅವು ಬೇಟೆಗೆ, ಯುದ್ಧಕ್ಕೆ, ಅರಸರ ಮೆರವಣಿಗೆಗೆ ಸಲ್ಲುತ್ತಿದ್ದವೇ ಹೊರತು ರಾಗಮಾಧುರ್ಯಕ್ಕೆ ಅಷ್ಟಾಗಿ ಸಲ್ಲುತ್ತಿರಲಿಲ್ಲ.

ಮದುವೆಯ ಮೆರವಣಿಗೆಯಲ್ಲಿ ಬರುವ ಬ್ಯಾಂಡ್ ಸೆಟ್ಟಿನ ಹಿತ್ತಾಳೆ ವಾದ್ಯಗಳನ್ನು ನೀವು ನೋಡಿರಬಹುದು. ಅವುಗಳ ಮೇಲೆ ಮೂರು ಗುಂಡಿಗಳಿರುತ್ತವೆ. ಒಂದು ಗುಂಡಿಯನ್ನು ಒತ್ತಿದರೆ ಊದಿದ ಗಾಳಿ ನೇರವಾಗಿ ಹೋಗದೆ ಪಕ್ಕದ ಒಂದು ಸಣ್ಣ ನಳಿಕೆಯನ್ನು ಸುತ್ತಿ ಬರುತ್ತದೆ. ಎಂದರೆ, ಆ ಕ್ಷಣಕ್ಕೆ ವಾದ್ಯದ ಉದ್ದ ಹೆಚ್ಚಿದಂತಾಗಿ ಸ್ವರ ತಗ್ಗುತ್ತದೆ. ಈ ಮೂರು ಗುಂಡಿಗಳಿಂದ ಹಿತ್ತಾಳೆಯ ವಾದ್ಯಕ್ಕೆ ಎಲ್ಲ ಸ್ವರಗಳೂ ವಶವಾದವು. ಕವಾಟ ಎಂಬ ಈ ಸಾಧನವನ್ನು ಜರ್ಮನಿಯ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ವಾದ್ಯಗಾರರು 1814ರ ಸುಮಾರಿಗೆ ರೂಪಿಸಿದರು. ಅದೇ 1814ನೆಯ ಇಸವಿಯ ನವೆಂಬರ್ 6ರಂದು ದಿನಾಂ ಎಂಬ ಊರಿನಲ್ಲಿ, ಈ ಸಾಧನವನ್ನು ಹಿಡಿದು ಹೊಸ ವಾದ್ಯಗಳ ಒಂದು ವಂಶವನ್ನೇ ಸೃಷ್ಟಿಸಲಿದ್ದ ಅಡಾಲ್ಫ್ ಸ್ಯಾಕ್ಸ್ ಜನಿಸಿದನು.

ದಿನಾಂ ಇಂದಿನ ಬೆಲ್ಜಿಯಂ ದೇಶದಲ್ಲಿ ಮ್ಯೂಸ್ ನದಿಯ ದಡದ ಮೇಲಿದೆ. ನಮ್ಮ ನಾಗಮಂಗಲ ಲೋಹದ ವಿಗ್ರಹಗಳಿಗೆ ಹೆಸರಾದಂತೆ ಆ ಊರು ಶತಮಾನಗಳಿಂದ ಹಿತ್ತಾಳೆ ತಾಮ್ರಗಳ ಪಾತ್ರೆಪದಾರ್ಥಗಳಿಗೆ ಹೆಸರಾಗಿದ್ದಿತು. ಬಾಲಕನಿಗೆ ಇಟ್ಟ ಹೆಸರು ಆಂಟ್ವಾನ್ ಜೋಸೆಫ್. ಅಡಾಲ್ಫ್ ಎಂಬುದು ಮನೆಯವರು ಕರೆದ ಹೆಸರು; ಅದೇ ಉಳಿಯಿತು. ತಂದೆ ಚಾರ್ಲ್ಸ್ ಜೋಸೆಫ್ ಸ್ಯಾಕ್ಸ್ ಮೊದಲು ಮರಗೆಲಸದವನು, ಅನಂತರ ವಾದ್ಯಗಳ ತಯಾರಕ. ಮಗ ಹುಟ್ಟಿದ ಮರುವರ್ಷವೇ ಅವನು ಸಂಸಾರಸಮೇತನಾಗಿ ಬ್ರಸೆಲ್ಸ್ ನಗರಕ್ಕೆ ಬಂದು ನೆಲಸಿ, ಸೈನ್ಯದ ವಾದ್ಯವೃಂದಗಳಿಗೆ ವಾದ್ಯಗಳನ್ನು ಒದಗಿಸತೊಡಗಿದನು.

ಈ ಮಗು ಬದುಕಿ ಉಳಿದದ್ದೇ ಒಂದು ಸೋಜಿಗ. ಒಮ್ಮೆ ಅದು ಮೂರು ಅಂತಸ್ತಿನ ಎತ್ತರದಿಂದ ಉರುಳಿಬಿದ್ದು ತಲೆ ಕಲ್ಲಿಗೆ ಬಡಿಯಿತು. ಸತ್ತೇಹೋಯಿತೆಂದು ಎಲ್ಲರೂ ಭಾವಿಸಿದರು. ಇನ್ನೊಮ್ಮೆ ಹಾಲೆಂದು ತಿಳಿದು ಆಮ್ಲ ಬೆರೆತ ನೀರನ್ನು ಕುಡಿಯಿತು; ಮತ್ತೊಮ್ಮೆ ಸೂಜಿಯನ್ನು ನುಂಗಿತು. ಮದ್ದಿನಪುಡಿ ಸಿಡಿದು ಮೈ ಸುಟ್ಟದ್ದು, ಮೆರುಗೆಣ್ಣೆ ಬಳಿದ ವಸ್ತುಗಳನ್ನಿಟ್ಟ ಕೋಣೆಯಲ್ಲಿ ಮಲಗಿ ಉಸಿರುಗಟ್ಟಿದ್ದು, ನದಿಯಲ್ಲಿ ಮುಳುಗಿ ಹೋಗುತ್ತಿದ್ದಾಗ ಯಾರೋ ಎಳೆದುಕೊಂಡದ್ದು, ಹೀಗೆ ಒಂದಾದ ಮೇಲೆ ಒಂದು. ಈ ಹುಡುಗ ಬದುಕುವವನಲ್ಲವೆಂದು ತಾಯಿಯೇ ನಿಟ್ಟುಸಿರುಬಿಡುತ್ತಿದ್ದಳಂತೆ. ನೆರೆಹೊರೆಯವರಂತೂ ಅವನನ್ನು ಸ್ಯಾಕ್ಸನ ಮನೆಯ ಪುಟ್ಟ ದೆವ್ವ ಎಂದೇ ಕರೆಯುತ್ತಿದ್ದರು. ಮುಂದೆ ದೊಡ್ಡವನಾದ ಮೇಲೆ ಅವನಿಗೆ ಒದಗಿದ ವಿಪತ್ತುಗಳನ್ನು ನೋಡಿದರೆ, ಬಾಲ್ಯದ ಈ ಗಂಡಾಂತರಗಳು ಒಂದು ಬಗೆಯ ಅಭ್ಯಾಸವಾಗಿದ್ದವೇನೋ ಎನಿಸುತ್ತದೆ.

ತಂದೆಯ ಕಾರ್ಯಾಗಾರವೇ ಅಡಾಲ್ಫನ ಆಟದ ಬಯಲು. ಕೊರೆಯುವುದು, ಬಡಿಯುವುದು, ಬೆಸೆಯುವುದು ಇವೆಲ್ಲ ಅವನಿಗೆ ಅಕ್ಷರಾಭ್ಯಾಸದೊಡನೆಯೇ ಬಂದವು. ಆದರೆ ಅವನು ಕೇವಲ ಕುಶಲಕರ್ಮಿಯಾಗಿ ಉಳಿಯಲಿಲ್ಲ. ಬ್ರಸೆಲ್ಸಿನ ಸಂಗೀತಶಾಲೆಯಲ್ಲಿ ಕೊಳಲನ್ನೂ ಕ್ಲಾರಿನೆಟ್ಟನ್ನೂ ಕ್ರಮವಾಗಿ ಅಭ್ಯಸಿಸಿದನು. ನುಡಿಸುವವನ ಕಷ್ಟ ಮಾಡುವವನಿಗೆ ತಿಳಿಯದು, ಮಾಡುವವನ ಕಷ್ಟ ನುಡಿಸುವವನಿಗೆ ತಿಳಿಯದು. ಅಡಾಲ್ಫನಿಗೆ ಎರಡೂ ತಿಳಿದಿದ್ದವು. ಹದಿನೈದರ ಹರೆಯದಲ್ಲಿಯೇ ದಂತದಿಂದ ಕೊಳಲುಗಳನ್ನು ಮಾಡಿ ಪ್ರದರ್ಶನಕ್ಕೆ ಕಳುಹಿಸಿದನು. 1838ರಲ್ಲಿ ಮಂದ್ರಸ್ಥಾಯಿಯ ಕ್ಲಾರಿನೆಟ್ಟನ್ನು ಹೊಸದಾಗಿ ತಿದ್ದಿ ಅದಕ್ಕೆ ಹಕ್ಕುಪತ್ರ ಪಡೆದನು. ಮುಂದೆ ಬ್ರಸೆಲ್ಸಿನಲ್ಲಿ ನಡೆದ ಒಂದು ಪ್ರದರ್ಶನದಲ್ಲಿ ಅವನ ವಾದ್ಯಗಳು ಎಲ್ಲರಿಗಿಂತ ಮೇಲೆನಿಸಿದರೂ, ಇನ್ನೂ ಚಿಕ್ಕ ವಯಸ್ಸು ಎಂಬ ಕಾರಣ ಹೇಳಿ ಪರೀಕ್ಷಕರು ಚಿನ್ನದ ಪದಕವನ್ನು ಕೊಡದೆ ಅದಕ್ಕಿಂತ ಕೆಳಗಿನದನ್ನು ಕೊಟ್ಟರು. ಚಿನ್ನಕ್ಕೆ ತಾನು ತೀರ ಚಿಕ್ಕವನಾದರೆ ಈ ಪದಕಕ್ಕೆ ತೀರ ದೊಡ್ಡವನೆಂದು ಹೇಳಿ ಸ್ಯಾಕ್ಸ್ ಅದನ್ನು ನಿರಾಕರಿಸಿದನು. ಬಾಗದ ಸ್ವಭಾವ ಅವನದು. ಅವನ ಏಳಿಗೆಗೂ ಅವನ ಕಷ್ಟಗಳಿಗೂ ಈ ಸ್ವಭಾವವೇ ಬಹುಮಟ್ಟಿಗೆ ಕಾರಣವೆನ್ನಬೇಕು.

1842ರಲ್ಲಿ ಸ್ಯಾಕ್ಸ್ ಪ್ಯಾರಿಸ್ ನಗರಕ್ಕೆ ಬಂದನು. ಆಗ ಅವನ ಕಿಸೆಯಲ್ಲಿದ್ದುದು ಮೂವತ್ತು ಫ್ರಾಂಕುಗಳು ಮಾತ್ರವೆಂದು ಹೇಳುತ್ತಾರೆ. ಆ ಕಾಲದಲ್ಲಿ ಸಂಗೀತ ನಾಟಕಕ್ಕೆ ಪ್ಯಾರಿಸ್ ರಾಜಧಾನಿಯಂತಿದ್ದಿತು. ಯೂರೋಪಿನಲ್ಲಿ ಆಪೆರಾ ಎಂದು ಕರೆಯುವ ಈ ನಾಟಕದಲ್ಲಿ ಮಾತೆಲ್ಲ ಹಾಡಾಗಿಯೇ ಬರುತ್ತದೆ. ಗುಬ್ಬಿ ವೀರಣ್ಣನವರ ಕಂಪನಿಯಂತಹ ನಮ್ಮ ವೃತ್ತಿ ನಾಟಕ ಮಂಡಲಿಗಳಲ್ಲಿ ಹಾರ್ಮೋನಿಯಂ ಮತ್ತು ತಬಲ ನುಡಿಸುವವರು ರಂಗದ ಮುಂಭಾಗದಲ್ಲಿ ಕುಳಿತು ನಟರ ಹಾಡಿಗೆ ಒತ್ತಾಸೆ ನೀಡುತ್ತಿದ್ದರಷ್ಟೆ. ಆಪೆರಾದಲ್ಲಿ ಆ ಸ್ಥಾನದಲ್ಲಿ ಹತ್ತಾರು ವಾದ್ಯಗಾರರು ಇರುತ್ತಾರೆ. ಪ್ರೇಕ್ಷಕರ ದೃಷ್ಟಿಗೆ ಅಡ್ಡಬಾರದಂತೆ ಅವರು ರಂಗಕ್ಕಿಂತ ತಗ್ಗಿನಲ್ಲಿ ಕುಳಿತಿರುತ್ತಾರೆ. ಈ ತಗ್ಗಿಗೆ ಪಿಟ್ ಎಂದು ಹೆಸರು. ಯಾವ ವಾದ್ಯಕ್ಕೆ ಪಿಟ್ಟಿನಲ್ಲಿ ಒಂದು ಕುರ್ಚಿ ಖಾಯಂ ಆಗಿ ದೊರೆಯಿತೋ ಆ ವಾದ್ಯಕ್ಕಾಗಿ ಸಂಗೀತಗಾರರು ಬರೆಯುತ್ತಾರೆ, ಶಿಷ್ಯರು ಅದನ್ನು ಕಲಿಯುತ್ತಾರೆ, ಅದು ಬಾಳುತ್ತದೆ. ಕುರ್ಚಿ ದೊರೆಯದ ವಾದ್ಯ ಎಷ್ಟು ಸೊಗಸಾಗಿದ್ದರೂ ಒಂದು ದಿನ ಗೋಡೆಯ ಮೇಲಿನ ಅಲಂಕಾರವಾಗುತ್ತದೆ. ಸ್ಯಾಕ್ಸ್ ಇದನ್ನು ಚೆನ್ನಾಗಿ ಅರಿತಿದ್ದನು.

ಪ್ಯಾರಿಸಿನಲ್ಲಿ ಅವನಿಗೆ ದೊರೆತ ಮೊದಲ ಹಿತೈಷಿ ಬರ್ಲಿಯೋಜ್. ಈತ ದೊಡ್ಡ ಸಂಗೀತಗಾರನಲ್ಲದೆ ಪತ್ರಿಕೆಯಲ್ಲಿ ವಿಮರ್ಶೆ ಬರೆಯುವ ಹರಿತವಾದ ಲೇಖಕನೂ ಆಗಿದ್ದನು. 1842ರ ಜೂನ್ ತಿಂಗಳಲ್ಲಿ ಅವನು ಸ್ಯಾಕ್ಸನ ಹೊಸ ವಾದ್ಯಗಳನ್ನು ಮುಕ್ತಕಂಠದಿಂದ ಹೊಗಳಿ ಬರೆದನು. 1844ರ ಫೆಬ್ರವರಿಯಲ್ಲಿ ತನ್ನ ಒಂದು ಕೃತಿಯನ್ನು ಸ್ಯಾಕ್ಸನ ಆರು ವಾದ್ಯಗಳಿಗೆ ಹೊಂದಿಸಿ ಕಚೇರಿ ನಡೆಸಿದನು. ಆ ದಿನ ಸ್ಯಾಕ್ಸನೇ ಕೈಯಲ್ಲಿ ಹಿಡಿದು ನುಡಿಸಿದ ವಾದ್ಯ ಇನ್ನೂ ಪೂರ್ತಿಯಾಗಿರಲಿಲ್ಲವಂತೆ. ದಾರ ಮತ್ತು ಅರಗಿನಿಂದ ಅದರ ಭಾಗಗಳನ್ನು ಕಟ್ಟಿಕೊಂಡಿದ್ದನಂತೆ. ಆ ವಾದ್ಯವೇ ಸ್ಯಾಕ್ಸೊಫೋನ್. ಅದರ ಮೈ ಹಿತ್ತಾಳೆ. ಬಾಯಿಯಲ್ಲಿರುವುದು ಕ್ಲಾರಿನೆಟ್ಟಿನಂತಹ ಸೀಳುಕಡ್ಡಿ. ಆದುದರಿಂದ ಶಾಸ್ತ್ರಕಾರರು ಅದನ್ನು ಹಿತ್ತಾಳೆಯ ಗುಂಪಿಗೆ ಸೇರಿಸದೆ ಕೊಳಲು ಕ್ಲಾರಿನೆಟ್ಟುಗಳ ಪಂಕ್ತಿಯಲ್ಲಿ ಕೂರಿಸುತ್ತಾರೆ.

ಸ್ಯಾಕ್ಸ್‌ಹಾರ್ನ್ ಎಂಬುವು ಅಪ್ಪಟ ಹಿತ್ತಾಳೆಯವು. ಕವಾಟವುಳ್ಳ ತುತ್ತೂರಿಗಳನ್ನು ಬೇರೆಯವರೂ ಮಾಡುತ್ತಿದ್ದರು, ನಿಜ. ಆದರೆ ಒಬ್ಬೊಬ್ಬರದು ಒಂದೊಂದು ಆಕಾರ, ಒಂದೊಂದು ಬೆರಳುಕ್ರಮ. ಒಂದರ ಧ್ವನಿ ಇನ್ನೊಂದರೊಡನೆ ಬೆರೆಯುತ್ತಿರಲಿಲ್ಲ. ಸ್ಯಾಕ್ಸ್ ತಾರಸ್ಥಾಯಿಯಿಂದ ಅತಿಮಂದ್ರದವರೆಗೆ ಒಂದೇ ಆಕಾರದ, ಒಂದೇ ಬೆರಳುಕ್ರಮದ, ಒಂದೇ ಬಗೆಯ ಮೃದುವಾದ ಧ್ವನಿಯ ವಾದ್ಯಕುಟುಂಬವನ್ನು ನಿರ್ಮಿಸಿದನು. ಚಿಕ್ಕದನ್ನು ಕಲಿತವನು ದೊಡ್ಡದನ್ನೂ ನುಡಿಸಬಲ್ಲನು. ಅವನ ನಿಜವಾದ ಪ್ರತಿಭೆ ಇದರಲ್ಲಿದೆ. ಸ್ಯಾಕ್ಸೊಫೋನಿನ ಹೆಸರು ಲೋಕವಿಖ್ಯಾತವಾದುದರಿಂದ ಈ ಕೆಲಸವನ್ನು ಜನ ಮರೆತಿದ್ದಾರೆ.

ವಾದ್ಯಗಳೇನೋ ಸಿದ್ಧವಾದವು, ಪಿಟ್ಟಿನ ಬಾಗಿಲು ತೆರೆಯಲಿಲ್ಲ. 1843ರಲ್ಲಿ ದೊನಿಜೆಟ್ಟಿ ಎಂಬ ಪ್ರಸಿದ್ಧ ಸಂಗೀತಗಾರನು ಪ್ಯಾರಿಸ್ ಆಪೆರಾದಲ್ಲಿ ತನ್ನ ಹೊಸ ನಾಟಕಕ್ಕೆ ಸ್ಯಾಕ್ಸನ ಮಂದ್ರ ಕ್ಲಾರಿನೆಟ್ಟನ್ನು ಬಳಸಲು ಬಯಸಿದನು. ಅದು ಒಳಗೆ ಬಂದರೆ ತಾವು ಹೊರಗೆ ಹೋಗುವುದಾಗಿ ಪಿಟ್ಟಿನ ವಾದ್ಯಗಾರರು ಬೆದರಿಸಿದರು. ದೊನಿಜೆಟ್ಟಿ ತನ್ನ ಆಸೆಯನ್ನು ಕೈಬಿಡಬೇಕಾಯಿತು. ವಾದ್ಯಗಾರರನ್ನು ಪೂರ್ತಿಯಾಗಿ ದೂಷಿಸುವಂತಿಲ್ಲ. ಜೀವಮಾನವೆಲ್ಲ ಒಂದು ವಾದ್ಯವನ್ನು ಸಾಧಿಸಿದವನಿಗೆ ಹೊಸ ವಾದ್ಯವೆಂದರೆ ಅನ್ನಕ್ಕೆ ಸಂಚಕಾರ ಬಂದಂತೆಯೇ. ಹಳೆಯ ತಯಾರಕರೊಡನೆ ಅವರಿಗಿದ್ದ ನಂಟೂ ಅಲ್ಲಿ ಕೆಲಸಮಾಡಿತು.

ಸ್ಯಾಕ್ಸ್ ಇನ್ನೊಂದು ದಾರಿ ಹಿಡಿದನು. ಫ್ರಾನ್ಸಿನ ಸೈನ್ಯದ ವಾದ್ಯವೃಂದಗಳು ಆಗ ಹೀನಸ್ಥಿತಿಯಲ್ಲಿದ್ದವು. ಅವುಗಳ ಸುಧಾರಣೆಗೆ ಅವನು ಒಂದು ಯೋಜನೆಯನ್ನು ಮುಂದಿಟ್ಟನು. ಹಳೆಯ ಕ್ರಮವೋ ಹೊಸ ಕ್ರಮವೋ ಎಂಬುದನ್ನು ತೀರ್ಮಾನಿಸಲು 1845ರ ಏಪ್ರಿಲ್ 22ರಂದು ಪ್ಯಾರಿಸಿನ ಮಾರ್ಸ್ ಮೈದಾನದಲ್ಲಿ ಬಹಿರಂಗ ಸ್ಪರ್ಧೆ ಏರ್ಪಟ್ಟಿತು. ಸುಮಾರು 20,000 ಜನ ನೆರೆದಿದ್ದರು. ಹಳೆಯ ಪಕ್ಷದಲ್ಲಿ ಕರಾಫ ಎಂಬ ವಿದ್ವಾಂಸನ ನೇತೃತ್ವದಲ್ಲಿ 45 ಮಂದಿ. ಸ್ಯಾಕ್ಸನ ಕಡೆಯ ಕೆಲವರು ಹೊತ್ತಿಗೆ ಬರಲೇ ಇಲ್ಲ. ಅವರನ್ನು ಎದುರಾಳಿಗಳೇ ತಡೆದರೆಂಬ ಮಾತಿದೆ. 38 ಮಂದಿಯನ್ನು ಕಟ್ಟಿಕೊಂಡು, ತಾನೂ ವಾದ್ಯ ಹಿಡಿದು ಸ್ಯಾಕ್ಸ್ ಕಣಕ್ಕಿಳಿದನು. ಅವನ ವಾದ್ಯಗಳ ತುಂಬುನಾದ ಆ ವಿಶಾಲವಾದ ಬಯಲನ್ನು ಆವರಿಸಿದಾಗ ಜನ ಕರತಾಡನ ಮಾಡಿದರು. ಗೆಲುವು ಅವನದಾಯಿತು, ಸೈನ್ಯಕ್ಕೆ ವಾದ್ಯ ಒದಗಿಸುವ ಅಧಿಕಾರವೂ ಅವನಿಗೆ ದೊರೆಯಿತು. ಮರುವರ್ಷ, 1846ರಲ್ಲಿ, ಸ್ಯಾಕ್ಸೊಫೋನಿಗೆ ಹದಿನೈದು ವರ್ಷಗಳ ಹಕ್ಕುಪತ್ರ ಪಡೆದನು.

ಈ ಗೆಲುವು ಅವನಿಗೆ ತಂದ ಹಗೆತನ ಅಷ್ಟಿಷ್ಟಲ್ಲ. ಪ್ಯಾರಿಸಿನ ವಾದ್ಯ ತಯಾರಕರು ಒಂದು ಕೂಟ ಕಟ್ಟಿಕೊಂಡು ಅವನ ಮೇಲೆ ದಾವೆ ಹೂಡಿದರು. ಅವನ ವಾದ್ಯಗಳಲ್ಲಿ ಹೊಸತೇನೂ ಇಲ್ಲ, ಎಲ್ಲವೂ ಬೇರೆ ದೇಶಗಳಲ್ಲಿ ಮೊದಲೇ ಇದ್ದವು ಎಂಬುದು ಅವರ ವಾದ. ಸ್ಯಾಕ್ಸನ ವಾದ್ಯಗಳನ್ನೇ ಕೊಂಡು, ಮೇಲಿದ್ದ ಅವನ ಹೆಸರನ್ನು ಉಜ್ಜಿ ತೆಗೆದು, ಪರದೇಶದ ತಯಾರಕರ ಮುದ್ರೆಯೊತ್ತಿ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಇಟ್ಟರೆಂದೂ ಹೇಳುತ್ತಾರೆ. ಕಾರ್ಯಾಗಾರಕ್ಕೆ ಬೆಂಕಿ ಬಿದ್ದಿತು. ಅವನ ಆಳೊಬ್ಬನು ರಾತ್ರಿ ಬಾಗಿಲ ಬಳಿ ಇರಿತಕ್ಕೆ ಒಳಗಾಗಿ ಸತ್ತನೆಂದೂ, ಆ ಇರಿತ ಯಜಮಾನನಿಗೆ ಉದ್ದೇಶಿಸಿದ್ದೆಂದೂ ಒಂದು ಕಥೆಯಿದೆ. ಮೊಕದ್ದಮೆಗಳು ಒಂದೆರಡು ವರ್ಷಗಳಲ್ಲಿ ಮುಗಿಯಲಿಲ್ಲ. ಇಪ್ಪತ್ತು ವರ್ಷಗಳಿಗೂ ಮೀರಿ ನಡೆದವು. ಬಹುಪಾಲು ಮೊಕದ್ದಮೆಗಳಲ್ಲಿ ಅವನು ಗೆದ್ದನು. ಆದರೆ ಗೆಲ್ಲುವುದರಲ್ಲಿಯೇ ಗಳಿಸಿದ ಹಣವೆಲ್ಲ ಕರಗಿತು. 1848ರ ಕ್ರಾಂತಿಯಲ್ಲಿ ಅರಸೊತ್ತಿಗೆ ಉರುಳಿದಾಗ ಸೈನ್ಯದ ಕೆಲಸವೂ ಕೈತಪ್ಪಿತು. 1852ರಲ್ಲಿ ಅವನು ಮೊದಲ ಸಲ ದಿವಾಳಿಯಾದನು.

ಈ ನಡುವೆ ರಂಗಮಂದಿರಕ್ಕೆ ಅವನು ಬೇರೊಂದು ಬಾಗಿಲಿನಿಂದ ಪ್ರವೇಶಿಸಿದ್ದನು. ಆಪೆರಾಗಳಲ್ಲಿ ಪಟ್ಟಾಭಿಷೇಕ, ವಿಜಯಯಾತ್ರೆ, ಬೇಟೆ ಮುಂತಾದ ದೃಶ್ಯಗಳು ಬಂದಾಗ ಪಿಟ್ಟಿನ ವಾದ್ಯವೃಂದವಲ್ಲದೆ ಇನ್ನೊಂದು ತಂಡ ರಂಗದ ಮೇಲೆ ಅಥವಾ ಪರದೆಯ ಹಿಂದೆ ನುಡಿಸುತ್ತದೆ. ಪ್ಯಾರಿಸ್ ಆಪೆರಾದ ಈ ತಂಡದ ಹೊಣೆಯನ್ನು 1847ರ ಸುಮಾರಿಗೆ ಸ್ಯಾಕ್ಸನಿಗೆ ವಹಿಸಲಾಯಿತು. ಮುಂಬಾಗಿಲಿನಿಂದ ಬಿಡದವರು ಹಿಂಬಾಗಿಲಿನಿಂದ ಬಿಟ್ಟರೆಂದು ಹೇಳಬಹುದು. 1849ರಲ್ಲಿ ಮೇಯರ್ಬೀರನ ಪ್ರವಾದಿ ಎಂಬ ಆಪೆರಾ ಪ್ರದರ್ಶನವಾದಾಗ ಪಟ್ಟಾಭಿಷೇಕದ ಮೆರವಣಿಗೆಯಲ್ಲಿ ಸ್ಯಾಕ್ಸ್‌ಹಾರ್ನುಗಳ ದಂಡೇ ರಂಗವೇರಿತು. 1852ರಲ್ಲಿ ಹಾಲೆವಿಯ ನಾಟಕವೊಂದಕ್ಕಾಗಿ ಅವನು ಪ್ರಾಚೀನ ರೋಮನರ ರಣಕಹಳೆಯ ಆಕಾರದಲ್ಲಿ, ಕಂಡವರು ಬೆರಗಾಗುವಂತೆ ಸ್ಯಾಕ್ಸ್‌ಟ್ಯೂಬ ಎಂಬ ವಾದ್ಯಗಳನ್ನು ಮಾಡಿಕೊಟ್ಟನು. ಕಣ್ಣಿಗೆ ರೋಮನ್ ಕಹಳೆ, ಒಳಗೆ ಹತ್ತೊಂಬತ್ತನೆಯ ಶತಮಾನದ ಕವಾಟ! ಆ ನಾಟಕ ರಂಗದಿಂದ ಇಳಿದ ಮೇಲೆ ಆ ವಾದ್ಯವೂ ಮರೆಯಾಯಿತು. ಬರ್ಲಿಯೋಜ್ ತನ್ನ ಮಹಾಕೃತಿಯಾದ ಟ್ರಾಯ್ ನಗರದ ಕಥೆಯ ಆಪೆರಾದಲ್ಲಿ ಸ್ಯಾಕ್ಸ್‌ಹಾರ್ನುಗಳಿಗೆ ಸ್ಥಾನ ಕೊಟ್ಟನು. ಆದರೆ ಆ ನಾಟಕವನ್ನು ಇಡಿಯಾಗಿ ರಂಗದ ಮೇಲೆ ನೋಡುವ ಭಾಗ್ಯ ಅವನಿಗೇ ಇರಲಿಲ್ಲ.

ಜರ್ಮನಿಯ ವಾಗ್ನರನ ಪ್ರಸಂಗ ಸ್ವಾರಸ್ಯವಾದುದು. 1861ರಲ್ಲಿ ಅವನ ಒಂದು ಆಪೆರಾ ಪ್ಯಾರಿಸಿನಲ್ಲಿ ನಡೆಯಿತು. ಬೇಟೆಯ ದೃಶ್ಯಕ್ಕೆ ಪರದೆಯ ಹಿಂದೆ ಹನ್ನೆರಡು ಹಾರ್ನುಗಳು ಬೇಕೆಂದು ಅವನ ಹಟ. ಅಷ್ಟು ಮಂದಿ ಸಿಗದೆ, ಸ್ಯಾಕ್ಸ್ ತನ್ನ ಸ್ಯಾಕ್ಸ್‌ಹಾರ್ನು ಸ್ಯಾಕ್ಸೊಫೋನುಗಳಿಂದ ಕೊರತೆ ತುಂಬಿಸಿದನು. ವಾಗ್ನರ್ ಇದರಿಂದ ಕೆರಳಿ ತನ್ನ ಆತ್ಮಚರಿತ್ರೆಯಲ್ಲಿ ಸ್ಯಾಕ್ಸನನ್ನು ಕಟುವಾಗಿ ನಿಂದಿಸಿದ್ದಾನೆ. ಆದರೆ 1853ರಲ್ಲಿಯೇ ಸ್ಯಾಕ್ಸನ ಕಾರ್ಯಾಗಾರಕ್ಕೆ ಹೋಗಿ ವಾದ್ಯಗಳನ್ನು ನೋಡಿಬಂದವನೂ ಇದೇ ವಾಗ್ನರ್. 1876ರಲ್ಲಿ ಬೈರಾಯ್ಟ್ ಎಂಬಲ್ಲಿ ತನಗಾಗಿಯೇ ಕಟ್ಟಿಸಿದ ರಂಗಮಂದಿರದ ಆಳವಾದ ಪಿಟ್ಟಿನಲ್ಲಿ ಅವನು ಒಂದು ಹೊಸ ಹಿತ್ತಾಳೆ ವಾದ್ಯವನ್ನು ಕೂರಿಸಿದನು. ಅದಕ್ಕೆ ವಾಗ್ನರ್ ಟ್ಯೂಬ ಎಂದು ಹೆಸರಾಯಿತು. ಅದರ ಕಲ್ಪನೆ ಪ್ಯಾರಿಸಿನ ಆ ಭೇಟಿಯಲ್ಲಿ ಮೊಳೆತದ್ದೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

1853ರಲ್ಲಿ ಸ್ಯಾಕ್ಸನ ತುಟಿಯ ಮೇಲೆ ಒಂದು ಗಡ್ಡೆ ಕಾಣಿಸಿಕೊಂಡಿತು. ಅದು ಬೆಳೆಬೆಳೆದು, ವಾದ್ಯ ಊದುವುದಿರಲಿ, ಊಟಮಾಡುವುದೂ ಕಷ್ಟವಾಯಿತು. ಅರ್ಬುದವೆಂದು ವೈದ್ಯರು ಕೈಚೆಲ್ಲಿದರು. ಕೊನೆಗೆ 1859ರಲ್ಲಿ, ಗಿಡಮೂಲಿಕೆಗಳಿಂದ ಚಿಕಿತ್ಸೆ ಮಾಡುತ್ತಿದ್ದ ವ್ರಿಯೆಸ್ ಎಂಬಾತನ ಆರೈಕೆಯಲ್ಲಿದ್ದಾಗ ಗಡ್ಡೆ ಮಾಯವಾಯಿತು. ಆ ಚಿಕಿತ್ಸಕನನ್ನು ಮುಂದೆ ವೈದ್ಯವೃತ್ತಿಯ ಅರ್ಹತೆಯಿಲ್ಲದವನೆಂದು ನ್ಯಾಯಾಲಯ ದಂಡಿಸಿತು. ಗಡ್ಡೆ ಹೋದದ್ದು ಮೂಲಿಕೆಯಿಂದಲೋ ತಾನಾಗಿಯೋ, ಇಂದಿಗೂ ವೈದ್ಯರಲ್ಲಿ ಒಮ್ಮತವಿಲ್ಲ. ಸ್ಯಾಕ್ಸ್ ಮಾತ್ರ ಮತ್ತೆ ಬಾಯಿಗೆ ವಾದ್ಯವಿಟ್ಟನು.

ಅಷ್ಟರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಶ್ರಯವೂ ಒದಗಿತ್ತು. 1857ರಿಂದ ಪ್ಯಾರಿಸಿನ ಸಂಗೀತಶಾಲೆಯಲ್ಲಿ ಸೈನ್ಯದ ವಾದ್ಯಗಾರರಿಗೆ ಸ್ಯಾಕ್ಸೊಫೋನ್ ಕಲಿಸುವ ತರಗತಿಯನ್ನು ಅವನೇ ನಡೆಸುತ್ತಿದ್ದನು. 1860ರಲ್ಲಿ ಅವನ ಹಕ್ಕುಪತ್ರಗಳನ್ನು ಐದು ವರ್ಷಗಳ ಕಾಲ ಮುಂದುವರಿಸಲಾಯಿತು. ಪಿಟ್ಟಿನೊಳಗೂ ಅಲ್ಲೊಮ್ಮೆ ಇಲ್ಲೊಮ್ಮೆ ಕರೆ ಬಂದಿತು. 1868ರಲ್ಲಿ ತೋಮನ ಹ್ಯಾಮ್ಲೆಟ್ ಆಪೆರಾದಲ್ಲಿ ಸ್ಯಾಕ್ಸೊಫೋನ್ ನುಡಿಯಿತು. 1872ರಲ್ಲಿ ಪ್ಯಾರಿಸಿನ ವಾಡೆವಿಲ್ ರಂಗಮಂದಿರದಲ್ಲಿ ದೋದೆಯ ನಾಟಕವೊಂದಕ್ಕೆ ಬಿಜೆ ಸಂಗೀತ ಒದಗಿಸಿದನು. ಆ ಪಿಟ್ಟಿನಲ್ಲಿ ಜಾಗವಿದ್ದದ್ದು 26 ಮಂದಿಗೆ ಮಾತ್ರ. ಅಂತಹ ಇಕ್ಕಟ್ಟಿನಲ್ಲಿಯೂ ಅವನು ಒಂದು ಸ್ಯಾಕ್ಸೊಫೋನಿಗೆ ಎಡೆಮಾಡಿಕೊಟ್ಟನು. ನಾಟಕ ಸೋತಿತು, ಸಂಗೀತ ಉಳಿಯಿತು. 1877ರಲ್ಲಿ ಮಾಸ್ನೆ ನಮ್ಮ ದೇಶವನ್ನೇ ಹಿನ್ನೆಲೆಯಾಗಿರಿಸಿಕೊಂಡು ಲಾಹೋರಿನ ಅರಸ ಎಂಬ ಆಪೆರಾ ರಚಿಸಿದಾಗ ಅದರಲ್ಲಿಯೂ ಈ ವಾದ್ಯವನ್ನು ಬಳಸಿದನು. ಆದರೆ ಇವೆಲ್ಲ ಅತಿಥಿಯ ಮರ್ಯಾದೆ. ಕರೆದಾಗ ಬಂದು ನಾಲ್ಕು ಸ್ವರ ನುಡಿಸಿ ಹೋಗಬೇಕು. ಖಾಯಂ ಆದ ಕುರ್ಚಿ ಸ್ಯಾಕ್ಸನ ಜೀವಿತಕಾಲದಲ್ಲಿ ಅವನ ಯಾವ ವಾದ್ಯಕ್ಕೂ ಅಲ್ಲಿ ಸಿಗಲಿಲ್ಲ.

1870ರಲ್ಲಿ ಪ್ರಷ್ಯದೊಡನೆ ಯುದ್ಧ ಒದಗಿ ಚಕ್ರವರ್ತಿ ಪದಚ್ಯುತನಾದನು. ಸಂಗೀತಶಾಲೆಯ ತರಗತಿ ಮುಚ್ಚಿತು. ಹಕ್ಕುಪತ್ರಗಳ ಅವಧಿಯೂ ಮುಗಿದಿದ್ದುದರಿಂದ, ಅವನನ್ನು ನ್ಯಾಯಾಲಯಕ್ಕೆ ಎಳೆದವರೇ ಅವನ ವಾದ್ಯಗಳನ್ನು ಧಾರಾಳವಾಗಿ ತಯಾರಿಸತೊಡಗಿದರು. 1873ರಲ್ಲಿ ಎರಡನೆಯ ಸಲ, 1877ರಲ್ಲಿ ಮೂರನೆಯ ಸಲ ಅವನು ದಿವಾಳಿಯಾದನು. ಪ್ರಪಂಚದ ನಾನಾ ಭಾಗಗಳಿಂದ ಅವನು ಆಸೆಯಿಂದ ಕೂಡಿಸಿಟ್ಟಿದ್ದ ವಾದ್ಯಗಳ ಒಂದು ಸಂಗ್ರಹಾಲಯವಿತ್ತು. 1877ರ ಡಿಸೆಂಬರಿನಲ್ಲಿ ಅದರಲ್ಲಿದ್ದ 467 ವಾದ್ಯಗಳೂ ಸಾಲಕ್ಕಾಗಿ ಹರಾಜಾದವು. ಕೂಗುವವನು ಒಂದೊಂದನ್ನೇ ಎತ್ತಿಹಿಡಿದಾಗ ಆ ಅರವತ್ತಮೂರು ವರ್ಷದ ಮುದುಕನಿಗೆ ಏನನಿಸಿತೋ! ಪ್ಯಾರಿಸ್ ಮತ್ತು ಬ್ರಸೆಲ್ಸ್ ನಗರಗಳ ಸಂಗ್ರಹಾಲಯದವರು ಕೆಲವನ್ನು ಕೊಂಡುಕೊಂಡುದರಿಂದ ಅಷ್ಟಾದರೂ ಉಳಿದವು.

ಮುಂದಿನ ವರ್ಷಗಳನ್ನು ಅವನು ಬಡತನದಲ್ಲಿ ಕಳೆದನು. ಆಪೆರಾದ ಹಿನ್ನೆಲೆಯ ತಂಡದ ಕೆಲಸವೊಂದೇ ಬಹುಕಾಲ ಕೈಹಿಡಿದಿತ್ತು. ತನಗಾದ ಅನ್ಯಾಯವನ್ನು ವಿವರಿಸಿ 1887ರಲ್ಲಿ ಪತ್ರಿಕೆಯೊಂದರಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿಕೊಂಡನು. 1894ರ ಫೆಬ್ರವರಿ 7ರಂದು, ತನ್ನ 79ನೆಯ ವಯಸ್ಸಿನಲ್ಲಿ, ಪ್ಯಾರಿಸಿನಲ್ಲಿ ತೀರಿಕೊಂಡನು. ಮೊಂಮಾರ್ತ್ರ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಸ್ಯಾಕ್ಸ್‌ಹಾರ್ನಿನ ಕುಟುಂಬದವು ರಂಗಮಂದಿರಕ್ಕಿಂತ ಬೀದಿಯಲ್ಲಿ ಬಾಳಿದವು. ಡಿಸ್ಟಿನ್ ಎಂಬ ಮನೆತನದ ವಾದ್ಯಗಾರರು ಅವುಗಳನ್ನು ಇಂಗ್ಲೆಂಡಿಗೆ ಒಯ್ದರು. ಅಲ್ಲಿಯ ಗಣಿಗಳ, ಗಿರಣಿಗಳ ಕೂಲಿಕಾರರು ಕಟ್ಟಿಕೊಂಡ ಬ್ಯಾಂಡುಗಳಲ್ಲಿ ಅವುಗಳ ಸಂತತಿ ಬೆಳೆಯಿತು. ಸ್ಯಾಕ್ಸೊಫೋನ್ ಅಮೆರಿಕಕ್ಕೆ ಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳ ಸಂಗೀತ ನಾಟಕಗಳಲ್ಲಿ, ಸ್ಯಾಕ್ಸ್ ಹಂಬಲಿಸಿದ ಪಿಟ್ಟಿನ ಕುರ್ಚಿ ಅದಕ್ಕೆ ದೊರೆಯಿತು.

ನಮ್ಮ ಮೈಸೂರಿನ ಅರಮನೆಯ ಬ್ಯಾಂಡಿಗೂ ಆ ವಾದ್ಯ ಬಂದಿತ್ತು. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ, ನಾಗಸ್ವರ ವಿದ್ವಾಂಸರ ಮಗನಾದ ಕದ್ರಿ ಗೋಪಾಲನಾಥರು ಎಳೆಯ ವಯಸ್ಸಿನಲ್ಲಿ ಅರಮನೆಯ ಬ್ಯಾಂಡಿನಲ್ಲಿಯೇ ಅದನ್ನು ಮೊದಲು ಕಂಡು ಮನಸೋತರು. ನಮ್ಮ ಸಂಗೀತದ ಪ್ರಾಣ ಗಮಕದಲ್ಲಿದೆ; ಕೀಲಿಗಳನ್ನೊತ್ತಿ ನುಡಿಸುವ ಆ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದು ಸುಲಭವಲ್ಲ. ಗೋಪಾಲನಾಥರು ಹಲವು ವರ್ಷ ಸಾಧನೆಮಾಡಿ, ವಾದ್ಯದಲ್ಲಿಯೂ ಕೆಲವು ಮಾರ್ಪಾಟು ಮಾಡಿಕೊಂಡು, ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನ ಪ್ರಖ್ಯಾತ ಪ್ರಾಮೆನೇಡ್ ಸಂಗೀತೋತ್ಸವದಲ್ಲಿ ಅವರ ಕಚೇರಿ ನಡೆಯಿತು. ಅವರು 2019ರಲ್ಲಿ ನಿಧನರಾದರು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ದೇವಾಲಯಗಳ ಉತ್ಸವಗಳಲ್ಲಿ, ಮದುವೆಯ ಮನೆಗಳಲ್ಲಿ, ಒಂದು ಕಾಲಕ್ಕೆ ನಾಗಸ್ವರ ಮಾತ್ರ ನುಡಿಯುತ್ತಿದ್ದ ಎಡೆಯಲ್ಲಿ, ಇಂದು ಡೋಲಿನ ಪಕ್ಕದಲ್ಲಿ ಕುಳಿತು ಸ್ಯಾಕ್ಸೊಫೋನ್ ಊದುವವರನ್ನು ಕಾಣಬಹುದು.